ಬೆಲೆ ಪಟ್ಟಿ ಯಾಕೆ ಸಾರ್ಟ್ ಆಗುತ್ತಿಲ್ಲ?

ಪ್ರಶ್ನೆ: ನಮ್ಮ ಊರಿನ ದಿನಸಿ ಅಂಗಡಿಗೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಒಂದು ವೆಬ್‌ಸೈಟ್ ಮಾಡುತ್ತಿದ್ದೇನೆ. ಸರ್ವರ್‌ನಿಂದ ಐಟಂಗಳ ಪಟ್ಟಿ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರುತ್ತದೆ. ಒಂದೊಂದು ಆಬ್ಜೆಕ್ಟ್‌ನಲ್ಲೂ ಹೆಸರು, ಬೆಲೆ, ವಿಭಾಗ, ಸ್ಟಾಕ್ ಬಂದ ದಿನಾಂಕ ಇವೆ. ಹಳೆಯ ಟ್ಯುಟೋರಿಯಲ್ ನೋಡಿ, ಮೊದಲ ಐಟಂ ಬೆಲೆ ಎರಡನೆಯದಕ್ಕಿಂತ ಜಾಸ್ತಿಯಾ ಎಂದು ಕೇಳುವ ಫಂಕ್ಷನ್ ಬರೆದೆ. ಪಟ್ಟಿ ಕದಲಲೇ ಇಲ್ಲ. ಆಮೇಲೆ ಒಂದು ಬೆಲೆಯಿಂದ ಇನ್ನೊಂದನ್ನು ಕಳೆದು ನೋಡಿದೆ. ಸುಮಾರು ಸರಿಯಾಯಿತು, ಆದರೆ ಕೆಲವು ಐಟಂ ಎಲ್ಲೆಲ್ಲೋ ಕೂರುತ್ತವೆ. ಹೆಸರಿನ ಪ್ರಕಾರ ಜೋಡಿಸಿದರೆ ಬಾಸುಮತಿಗಿಂತ ಮೊದಲೇ ಬಾಳೆಹಣ್ಣು ಬರುತ್ತದೆ. ಬಟನ್ ಒತ್ತಿದರೆ ಒಮ್ಮೊಮ್ಮೆ ಸ್ಕ್ರೀನ್ ಬದಲಾಗುವುದೇ ಇಲ್ಲ. ಇದಕ್ಕೆಲ್ಲ ಬೇರೆ ಯಾವುದಾದರೂ ಲೈಬ್ರರಿ ಹಾಕಿಕೊಳ್ಳಬೇಕಾ?

ಉತ್ತರ: ಲೈಬ್ರರಿ ಬೇಡ. ನೀವು ಹೇಳಿದ ತೊಂದರೆಗಳು ಒಂದೇ ಥರ ಕಂಡರೂ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಪಟ್ಟಿಯನ್ನು ಕ್ರಮಕ್ಕೆ ತರುವ ಸಾರ್ಟ್ ಮೆಥಡ್ ಮಾತ್ರ ಎಲ್ಲೂ ತಪ್ಪು ಮಾಡಿಲ್ಲ.

ಸಾರ್ಟ್‌ಗೆ ನಿಮ್ಮ ಬೆಲ್ಲ, ಬೇಳೆ ಯಾವುದೂ ಗೊತ್ತಿಲ್ಲ. ಅದು ಪಟ್ಟಿಯಿಂದ ಎರಡೆರಡು ಐಟಂ ಎತ್ತಿಕೊಂಡು ನಿಮ್ಮ ಫಂಕ್ಷನ್‌ಗೆ ಕೊಡುತ್ತದೆ. ಇವೆರಡರಲ್ಲಿ ಯಾವುದು ಮೊದಲು ಎಂದು ಕೇಳುತ್ತದೆ. ನೀವು ಕೊಟ್ಟ ಉತ್ತರವನ್ನು ಪೂರ್ತಿ ನಂಬುತ್ತದೆ. ಹಾಗಾಗಿ ಪಟ್ಟಿ ಕೆಟ್ಟಾಗ ನೋಡಬೇಕಾದದ್ದು ಎರಡೇ ಕಡೆ: ಫಂಕ್ಷನ್ ಕೊಡುವ ಉತ್ತರ, ಮತ್ತು ಆ ಉತ್ತರ ಹುಟ್ಟುವ ಡೇಟಾ.

ಫಂಕ್ಷನ್ ಕೊಡದೇ ಸುಮ್ನೆ ಸಾರ್ಟ್ ಕರೆದರೆ ಏನಾಗುತ್ತದೆ ಎಂದು ಮೊದಲು ತಿಳಿದಿರಲಿ. ಜಾವಾಸ್ಕ್ರಿಪ್ಟ್ ಪ್ರತಿಯೊಂದನ್ನೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು ಮಾಡಿಕೊಂಡು ಹೋಲಿಸುತ್ತದೆ. 9, 100, 10, 1 ಕೊಟ್ಟರೆ 1, 10, 100, 9 ಎಂದು ವಾಪಸ್ ಬರುತ್ತದೆ. ಆಬ್ಜೆಕ್ಟ್‌ಗಳಾದರೆ ಎಲ್ಲವೂ ಒಂದೇ ಸ್ಟ್ರಿಂಗ್ ಆಗಿಬಿಡುತ್ತವೆ. ಎಲ್ಲವೂ ಸಮ, ಆದ್ದರಿಂದ ಪಟ್ಟಿ ಇದ್ದಂತೆಯೇ ಇರುತ್ತದೆ. ಎರರ್ ಬರುವುದಿಲ್ಲ.

ಈಗ ನಿಮ್ಮ ಮೊದಲ ಫಂಕ್ಷನ್. ಸಾರ್ಟ್‌ಗೆ ಬೇಕಾದದ್ದು ತಕ್ಕಡಿಯ ಉತ್ತರ. ಎಡಗಡೆ ಇಳಿಯಿತು, ಬಲಗಡೆ ಇಳಿಯಿತು, ಇಲ್ಲವೇ ಎರಡೂ ಸಮ. ಅಂದರೆ ಋಣ ಸಂಖ್ಯೆ ಕೊಟ್ಟರೆ ಮೊದಲನೆಯದು ಮುಂದೆ, ಧನ ಸಂಖ್ಯೆ ಕೊಟ್ಟರೆ ಎರಡನೆಯದು ಮುಂದೆ, ಸೊನ್ನೆ ಕೊಟ್ಟರೆ ಸಮ. ನಿಮ್ಮದು ಕೊಡುತ್ತಿರುವುದು ಹೌದು ಅಥವಾ ಅಲ್ಲ, ಅಂದರೆ ಟ್ರೂ ಅಥವಾ ಫಾಲ್ಸ್. ಟ್ರೂ 1 ಆಗುತ್ತದೆ, ಫಾಲ್ಸ್ 0 ಆಗುತ್ತದೆ. ಋಣ ಸಂಖ್ಯೆ ಒಮ್ಮೆಯೂ ಬರುವುದಿಲ್ಲ.

ಹಾಗಾದರೆ ಟ್ಯುಟೋರಿಯಲ್ ಬರೆದವರಿಗೆ ಅದು ಹೇಗೆ ಕೆಲಸ ಮಾಡಿತು? ಮಾಡಿರಬಹುದು. 2018ಕ್ಕೆ ಮುಂಚಿನ ಕ್ರೋಮ್ 10 ಅಥವಾ ಅದಕ್ಕಿಂತ ಕಡಿಮೆ ಐಟಂ ಇರುವ ಪಟ್ಟಿಗೆ ಇನ್ಸರ್ಷನ್ ಸಾರ್ಟ್ ಎಂಬ ಜೋಡಿಸುವ ವಿಧಾನ ಬಳಸುತ್ತಿತ್ತು, ಅದಕ್ಕಿಂತ ಉದ್ದವಾದರೆ ಕ್ವಿಕ್‌ಸಾರ್ಟ್ ಎಂಬ ಇನ್ನೊಂದು ವಿಧಾನ. ಅಲ್ಲಿನ ಇನ್ಸರ್ಷನ್ ಸಾರ್ಟ್ ಉತ್ತರ ಸೊನ್ನೆಗಿಂತ ಜಾಸ್ತಿಯಾ ಎಂದಷ್ಟೇ ನೋಡುತ್ತಿತ್ತು. ಐದಾರು ಐಟಂ ಇಟ್ಟು ಪರೀಕ್ಷಿಸಿದವರಿಗೆ ಎಲ್ಲ ಸರಿಯಾಗಿ ಕಂಡಿತು. ಆಮೇಲೆ ಕ್ರೋಮ್ 70ರಲ್ಲಿ ಅದರೊಳಗೆ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ಟಿಮ್‌ಸಾರ್ಟ್‌ಗೆ ಬದಲಾಯಿತು. ಇದು ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಮಾಡಿದ ವಿಧಾನ. ಪಟ್ಟಿಯಲ್ಲಿ ಈಗಾಗಲೇ ಕ್ರಮದಲ್ಲಿರುವ ತುಂಡುಗಳನ್ನು ಮೊದಲು ಹುಡುಕಿ, ಅವನ್ನು ಒಂದಕ್ಕೊಂದು ಸೇರಿಸುತ್ತಾ ಹೋಗುತ್ತದೆ. ಹುಡುಕುವಾಗ ಅದು ನೋಡುವುದು ಉತ್ತರ ಸೊನ್ನೆಗಿಂತ ಕಡಿಮೆಯಾ ಎಂದು. ನಿಮ್ಮ ಫಂಕ್ಷನ್ ಹಾಗೆ ಎಂದೂ ಹೇಳುವುದಿಲ್ಲವಲ್ಲ. ಹಾಗಾಗಿ ಇಡೀ ಪಟ್ಟಿ ಆಗಲೇ ಕ್ರಮದಲ್ಲಿದೆ ಎಂದುಕೊಂಡು ಕೈಬಿಡುತ್ತದೆ. ನಿಮ್ಮ ಪಟ್ಟಿ ಕದಲದೇ ಇದ್ದದ್ದು ಇದಕ್ಕೇ.

ಬೆಲೆಗೆ ಸರಿಯಾದ ರೂಪ ಇದು:

(ಒಂದು, ಎರಡು) => ಒಂದು.ಬೆಲೆ - ಎರಡು.ಬೆಲೆ

ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗೂ ಪ್ರಾಪರ್ಟಿಗೂ ಕನ್ನಡದ ಹೆಸರು ಇಡಬಹುದು. ಹಾಗಾಗಿ ಈ ಸಾಲು ಇದ್ದ ಹಾಗೇ ಓಡುತ್ತದೆ. ಜಾಸ್ತಿ ಬೆಲೆ ಮೇಲೆ ಬರಬೇಕಾದರೆ ಎರಡನ್ನೂ ಅದಲುಬದಲು ಮಾಡಿ ಕಳೆಯಿರಿ. ಸಾರ್ಟ್ ಮಾಡಿದ ಮೇಲೆ ರಿವರ್ಸ್ ಕರೆಯುವವರು ತುಂಬಾ ಜನ ಇದ್ದಾರೆ. ಅದು ಬೇಡ. ಒಂದೇ ಬೆಲೆಯ ಐಟಂಗಳ ಒಳಗಿನ ಕ್ರಮವೂ ಆಗ ತಲೆಕೆಳಗಾಗುತ್ತದೆ.

ಸರ್ವರ್‌ನಲ್ಲಿ ಪಿಎಚ್‌ಪಿ ಭಾಷೆ ಕೂಡ ಬಳಸುತ್ತೀರಾದರೆ ಅಲ್ಲೂ ಇದೇ ಗುಂಡಿ ಇದೆ. ಅದರ ಸಾರ್ಟ್ ಫಂಕ್ಷನ್ ಆದ ಯೂಸಾರ್ಟ್‌ಗೆ ಟ್ರೂ, ಫಾಲ್ಸ್ ಹಿಂದಿರುಗಿಸಬೇಡಿ ಎಂದು ಪಿಎಚ್‌ಪಿ 8 ಎಚ್ಚರಿಕೆ ಕೊಡುತ್ತದೆ. ಜೊತೆಗೆ ಅಲ್ಲಿ ಉತ್ತರವನ್ನು ಪೂರ್ಣಾಂಕ ಮಾಡಿಕೊಳ್ಳುತ್ತಾರೆ. 45.50ರಿಂದ 45.00 ಕಳೆದರೆ ಬರುವ ಅರ್ಧ ಸೊನ್ನೆಯಾಗಿ, ಎರಡೂ ಬೆಲೆ ಸಮ ಎಂದಾಗುತ್ತದೆ. ಪಿಎಚ್‌ಪಿ 7ರಿಂದ ಇರುವ <=> ಗುರುತು ಬಳಸಿದರೆ ಈ ತೊಂದರೆ ಇಲ್ಲ.

ಕಳೆಯುವ ರೂಪಕ್ಕೆ ಬಂದ ಮೇಲೂ ಕೆಲವು ಐಟಂ ಎಲ್ಲೆಲ್ಲೋ ಕೂರುತ್ತವೆ ಎಂದಿರಿ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಉತ್ತರದ ರೂಪ ಸರಿಯಾದ ಮೇಲೂ ಉಳಿಯುವ ತಪ್ಪುಗಳು ಹೆಚ್ಚಾಗಿ ಇಲ್ಲಿಂದಲೇ ಬರುತ್ತವೆ.

ನಿಮ್ಮ ಜೇಸನ್ ತೆರೆದು ಬೆಲೆಗಳನ್ನು ಕಣ್ಣಾರೆ ನೋಡಿ. ಕೆಲವು ಬೆಲೆ ನಂಬರ್ ಆಗಿರುವುದಿಲ್ಲ, ಉದ್ಧರಣ ಚಿಹ್ನೆಯ ಒಳಗಿನ ಸ್ಟ್ರಿಂಗ್ ಆಗಿರುತ್ತವೆ. "120" ಎಂಬ ಸ್ಟ್ರಿಂಗ್‌ನಿಂದ "45" ಕಳೆದರೆ ಜಾವಾಸ್ಕ್ರಿಪ್ಟ್ ಅವನ್ನು ನಂಬರ್ ಮಾಡಿಕೊಂಡು 75 ಕೊಡುತ್ತದೆ. ಅಲ್ಲಿಯವರೆಗೆ ತೊಂದರೆ ಇಲ್ಲ. ಆದರೆ "1,250" ಎಂದು ಅಲ್ಪವಿರಾಮ ಇದ್ದರೆ? "₹45" ಎಂದಿದ್ದರೆ? ಕನ್ನಡ ಅಂಕಿಯಲ್ಲಿ "೪೫" ಎಂದಿದ್ದರೆ? ಮೂರರಲ್ಲೂ ಬರುವುದು ನ್ಯಾನ್, ಅಂದರೆ ಸಂಖ್ಯೆ ಅಲ್ಲದ ಸಂಖ್ಯೆ. ಬೆಲೆಯ ಪ್ರಾಪರ್ಟಿಯೇ ಇಲ್ಲದಿದ್ದರೂ ನ್ಯಾನ್. ಇನ್ನು ಬೆಲೆ ನಲ್, ಅಂದರೆ ಏನೂ ಇಲ್ಲ ಎಂಬ ಗುರುತು ಆಗಿದ್ದರೆ ಅಥವಾ ಖಾಲಿ ಸ್ಟ್ರಿಂಗ್ ಆಗಿದ್ದರೆ ಅದು ಸೊನ್ನೆ ಎಂದಾಗುತ್ತದೆ. ಬೆಲೆ ಗೊತ್ತಿಲ್ಲದ ಐಟಂ ಪುಕ್ಕಟೆ ಐಟಂನಂತೆ ಪಟ್ಟಿಯ ಮೊದಲಿಗೇ ಬಂದು ಕೂರುತ್ತದೆ.

ನ್ಯಾನ್ ಇದಕ್ಕಿಂತ ಕೆಟ್ಟದ್ದು. ಸಾರ್ಟ್ ಅದನ್ನು ಸೊನ್ನೆ ಎಂದು ತೆಗೆದುಕೊಳ್ಳುತ್ತದೆ, ಅಂದರೆ ಸಮ. ಮೂರು ಐಟಂ ಇವೆ ಎನ್ನಿ. ಮೊದಲನೆಯದಕ್ಕೆ 40 ರೂಪಾಯಿ, ಎರಡನೆಯದಕ್ಕೆ ಬೆಲೆ ಇಲ್ಲ, ಮೂರನೆಯದಕ್ಕೆ 30. ಎರಡನೆಯದನ್ನು ಮೊದಲನೆಯದರ ಜೊತೆ ಹೋಲಿಸಿದರೆ ಸಮ. ಮೂರನೆಯದನ್ನು ಎರಡನೆಯದರ ಜೊತೆ ಹೋಲಿಸಿದರೂ ಸಮ. ಟಿಮ್‌ಸಾರ್ಟ್ ಅಲ್ಲಿಗೇ ನಿಲ್ಲಿಸುತ್ತದೆ. 40 ಮತ್ತು 30ನ್ನು ನೇರವಾಗಿ ಹೋಲಿಸುವುದೇ ಇಲ್ಲ. ಫಲಿತಾಂಶ 40, ಬೆಲೆ ಇಲ್ಲದ್ದು, 30. ನೋಡಿ, ಕೆಟ್ಟ ಡೇಟಾ ಇದ್ದದ್ದು ಒಂದೇ ಐಟಂನಲ್ಲಿ. ಆದರೆ ಅದರ ಎರಡೂ ಪಕ್ಕದ ಒಳ್ಳೆಯ ಐಟಂಗಳ ಜಾಗವೂ ಕೆಟ್ಟಿತು. ತಪ್ಪು ಜಾಗದಲ್ಲಿ ಕಂಡ ಐಟಂಗಳ ಬೆಲೆ ನೋಡಿ ನೀವು ತಲೆ ಕೆರೆದುಕೊಂಡಿರುತ್ತೀರಿ. ಅವುಗಳಲ್ಲಿ ಏನೂ ತಪ್ಪಿಲ್ಲ. ತಪ್ಪು ಪಕ್ಕದ ಮನೆಯದು.

ಜಾವಾ 7ರಿಂದ ಜಾವಾದಲ್ಲೂ ಆಬ್ಜೆಕ್ಟ್‌ಗಳಿಗೆ ಟಿಮ್‌ಸಾರ್ಟ್ ಇದೆ. ಹೋಲಿಕೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಗಮನಕ್ಕೆ ಬಂದರೆ ಅಲ್ಲಿ ಎಕ್ಸೆಪ್ಷನ್ ಎಸೆಯುತ್ತದೆ. ಜಾವಾಸ್ಕ್ರಿಪ್ಟ್ ಏನೂ ಹೇಳುವುದಿಲ್ಲ. ತಾಳೆಯಾಗದ ಉತ್ತರ ಕೊಟ್ಟರೆ ಕ್ರಮ ಏನು ಬೇಕಾದರೂ ಆಗಬಹುದು ಎಂದು ಅದರ ನಿಯಮವೇ ಬಿಟ್ಟುಕೊಟ್ಟಿದೆ. ಹಾಗಾಗಿ ಎಚ್ಚರ ನಮ್ಮದೇ ಆಗಬೇಕು.

ಪರಿಹಾರವನ್ನು ಹೋಲಿಸುವ ಫಂಕ್ಷನ್ ಒಳಗೆ ತುರುಕಬೇಡಿ. ಸರ್ವರ್‌ನಿಂದ ಡೇಟಾ ಬಂದ ಕೂಡಲೇ, ಸ್ಟೇಟ್‌ಗೆ, ಅಂದರೆ ಸ್ಕ್ರೀನ್‌ನಲ್ಲಿ ತೋರಿಸಲು ರಿಯಾಕ್ಟ್ ಇಟ್ಟುಕೊಳ್ಳುವ ಡೇಟಾಗೆ ಹಾಕುವ ಮೊದಲೇ, ಒಂದು ಸಲ ಪ್ರತಿ ಐಟಂ ಮೇಲೆ ಹೋಗಿ ಶುದ್ಧ ಮಾಡಿ. ಅಲ್ಪವಿರಾಮ, ರೂಪಾಯಿ ಚಿಹ್ನೆ ತೆಗೆದು ನಂಬರ್ ಮಾಡಿ. ಕನ್ನಡ ಅಂಕಿ ಇದ್ದರೆ ಬದಲಿಸಿ. ಆಗದಿದ್ದದ್ದನ್ನೆಲ್ಲ ನಲ್ ಎಂದು ಒಂದೇ ಗುರುತಿಗೆ ತನ್ನಿ. ಆಮೇಲೆ ಬೆಲೆ ಇಲ್ಲದವು ಎಲ್ಲಿರಬೇಕು ಎಂದು ನೀವೇ ತೀರ್ಮಾನ ಮಾಡಿ. ಅಂಗಡಿಗಾದರೆ ಕೊನೆಯಲ್ಲಿ ಇರಲಿ ಎನ್ನುತ್ತೇನೆ, ಏರಿಕೆ ಇಳಿಕೆ ಎರಡರಲ್ಲೂ. ಗಿರಾಕಿ ಕಡಿಮೆ ಬೆಲೆ ಹುಡುಕಲಿ, ಜಾಸ್ತಿ ಬೆಲೆ ಹುಡುಕಲಿ, ಬೆಲೆಯೇ ಇಲ್ಲದ್ದು ಮೊದಲು ಕಂಡರೆ ಪ್ರಯೋಜನವಿಲ್ಲ. ಇದಕ್ಕೆ ಕಳೆಯುವ ಮುಂಚೆ ಎರಡು ಸಾಲು ಸಾಕು. ಒಂದರ ಬೆಲೆ ಮಾತ್ರ ನಲ್ ಆಗಿದ್ದರೆ ಅದು ಹಿಂದೆ. ಎರಡೂ ನಲ್ ಆಗಿದ್ದರೆ ಸೊನ್ನೆ.

ದಿನಾಂಕಕ್ಕೂ ಹೀಗೇ. ಸರ್ವರ್ "2024-03-05" ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಕಳಿಸಿದರೆ ನಿಮ್ಮ ಅದೃಷ್ಟ. ಅದನ್ನು ಸ್ಟ್ರಿಂಗ್ ಆಗಿಯೇ ಹೋಲಿಸಬಹುದು. ಕಳೆಯಲು ಮಾತ್ರ ಹೋಗಬೇಡಿ, ಮತ್ತೆ ನ್ಯಾನ್ ಬರುತ್ತದೆ. ಹೀಗೆ ಬರೆಯಿರಿ:

ಒಂದು.ದಿನಾಂಕ < ಎರಡು.ದಿನಾಂಕ ? -1 : ಒಂದು.ದಿನಾಂಕ > ಎರಡು.ದಿನಾಂಕ ? 1 : 0

ನಾವು ಬರೆಯುವ ಹಾಗೆ "05-03-2024" ಎಂದು ದಿನ ಮೊದಲು ಬಂದರೆ ಸ್ಟ್ರಿಂಗ್ ಹೋಲಿಕೆ ತಿಂಗಳು, ವರ್ಷ ನೋಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಡೇಟ್ ಆಬ್ಜೆಕ್ಟ್‌ಗೆ ಕೊಟ್ಟರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಕ್ರೋಮ್ ಇದನ್ನು ಅಮೆರಿಕದ ರೀತಿಯಲ್ಲಿ ಓದಿ ಮೇ 3 ಎನ್ನುತ್ತದೆ. "25-03-2024" ಕೊಟ್ಟರೆ 25ನೇ ತಿಂಗಳು ಇಲ್ಲದ ಕಾರಣ ಅಮಾನ್ಯ ದಿನಾಂಕವಾಗುತ್ತದೆ. ತಿಂಗಳ ಮೊದಲ 12 ದಿನ ತಪ್ಪು ದಿನಾಂಕ, ಆಮೇಲೆ ನ್ಯಾನ್. ಮೂರು ತುಂಡು ಮಾಡಿ ವರ್ಷ ಮೊದಲು ಬರುವಂತೆ ನೀವೇ ಜೋಡಿಸಿಕೊಳ್ಳಿ.

ಬಾಳೆಹಣ್ಣಿನ ವಿಷಯಕ್ಕೆ ಬರೋಣ. ನೀವು ಇದನ್ನು ಗಮನಿಸಿದ್ದೇ ನನಗೆ ಖುಷಿ. ಎಷ್ಟೋ ಕನ್ನಡ ಪಟ್ಟಿಗಳು ಈ ತಪ್ಪನ್ನು ಹೊತ್ತುಕೊಂಡೇ ಓಡಾಡುತ್ತಿವೆ.

ಚಿಕ್ಕದು, ದೊಡ್ಡದು ಎಂಬ ಗುರುತಿನಿಂದ ಸ್ಟ್ರಿಂಗ್ ಹೋಲಿಸಿದರೆ ಜಾವಾಸ್ಕ್ರಿಪ್ಟ್ ನೋಡುವುದು ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು, ಅಂದರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟ ಸಂಖ್ಯೆಯನ್ನು. ಕನ್ನಡದಲ್ಲಿ ಈ ಸಂಖ್ಯೆಗಳು ಹೆಚ್ಚು ಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆ. ಕ ಆದ ಮೇಲೆ ಖ, ಪ ಆದ ಮೇಲೆ ಫ. ಸ್ವರ ಚಿಹ್ನೆಗಳು ವ್ಯಂಜನಗಳ ನಂತರ ಇರುವುದರಿಂದ ಕಮಲ ಆದ ಮೇಲೆ ಕಾಫಿ ಬರುತ್ತದೆ. ಅದೂ ಸರಿ. ಆದರೆ ಳ ಇದೆಯಲ್ಲ, ಅದರ ಸಂಖ್ಯೆ 3251. ವ 3253, ಸ 3256, ಹ 3257. ಅಂದರೆ ಯೂನಿಕೋಡ್‌ನಲ್ಲಿ ಳ ಅಕ್ಷರ ಲ ಪಕ್ಕದಲ್ಲೇ ಕೂತಿದೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಜೋಡಣೆ ಇರಲಿ ಎಂದು ಮಾಡಿದ ಇಸ್ಕಿ ಎಂಬ ಮಾನಕವನ್ನು ಯೂನಿಕೋಡ್ ಅನುಸರಿಸಿತು. ಅದರಿಂದ ಹೀಗಾಯಿತು. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. ಅದರ ಪ್ರಕಾರ ಬಾಸುಮತಿ ಮೊದಲು, ಬಾಳೆಹಣ್ಣು ಆಮೇಲೆ. ಸಂಖ್ಯೆಯ ಪ್ರಕಾರ ಉಲ್ಟಾ. ಪಟ್ಟಿಯ ಮುಕ್ಕಾಲು ಪಾಲು ಸರಿ ಇರುವುದರಿಂದ ಯಾರೂ ಗಮನಿಸುವುದಿಲ್ಲ.

ಇದಕ್ಕೆ ಬ್ರೌಸರ್‌ನಲ್ಲೇ ಇರುವ, ಆಯಾ ಭಾಷೆಯ ಅಕ್ಷರ ಕ್ರಮದಂತೆ ಪದಗಳನ್ನು ಹೋಲಿಸುವ ಇಂಟ್ಲ್ ಕೊಲೇಟರ್ ಬಳಸಿ. ಕನ್ನಡದ ಎರಡಕ್ಷರದ ಭಾಷಾ ಕೋಡ್ ಕೊಟ್ಟು ಒಂದು ಕೊಲೇಟರ್ ಮಾಡಿಕೊಳ್ಳಿ. ಅದರ ಕಂಪೇರ್ ಫಂಕ್ಷನ್‌ಗೆ ಎರಡು ಹೆಸರು ಕೊಟ್ಟರೆ ಸಾರ್ಟ್‌ಗೆ ಬೇಕಾದ ಮೂರು ಬಗೆಯ ಉತ್ತರವೇ ಬರುತ್ತದೆ. ಅದರ ನಿಯಮದಲ್ಲಿ ಳ ಇರುವುದು ಹ ನಂತರ. ಸ್ಟ್ರಿಂಗ್‌ಗಳ ಲೋಕೇಲ್‌ಕಂಪೇರ್ ಮೆಥಡ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಉದ್ದ ಪಟ್ಟಿಗೆ ಒಂದು ಕೊಲೇಟರ್ ಮಾಡಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಬಳಸುವುದು ವೇಗ. ಅದನ್ನು ಹೋಲಿಸುವ ಫಂಕ್ಷನ್‌ನ ಹೊರಗೆ ಮಾಡಿ. ಒಳಗೆ ಮಾಡಿದರೆ ಪ್ರತಿ ಹೋಲಿಕೆಗೂ ಹೊಸದು ಹುಟ್ಟುತ್ತದೆ.

ಕೊಲೇಟರ್‌ನಿಂದ ಇನ್ನೂ ಎರಡು ಲಾಭ ಇವೆ. ನ್ಯೂಮರಿಕ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ "ತುಪ್ಪ 500 ಗ್ರಾಂ" ಮೊದಲು, "ತುಪ್ಪ 1000 ಗ್ರಾಂ" ಆಮೇಲೆ ಬರುತ್ತದೆ. ಇಲ್ಲದಿದ್ದರೆ 1 ಎಂಬ ಅಂಕಿ 5ಕ್ಕಿಂತ ಚಿಕ್ಕದು ಎಂದು ಸಾವಿರ ಗ್ರಾಂ ಮೇಲೆ ಬರುತ್ತದೆ. ಎರಡನೆಯದು ನಮ್ಮ ಭಾಷೆಗೇ ಸೇರಿದ್ದು. ರಾಜ್‌ಮಾ ಎಂದು ಒಬ್ಬರು ಅರ್ಧಾಕ್ಷರ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ರಾಜ್ಮಾ ಎಂದು ಒತ್ತಕ್ಷರ ಹಾಕುತ್ತಾರೆ. ಮೊದಲನೆಯದರಲ್ಲಿ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇದೆ. ಅದರ ಯೂನಿಕೋಡ್ ಸಂಖ್ಯೆ 8204, ಎಲ್ಲ ಕನ್ನಡ ಅಕ್ಷರಕ್ಕಿಂತ ದೊಡ್ಡದು. ಬರೀ ಸಂಖ್ಯೆ ನೋಡಿ ಹೋಲಿಸಿದರೆ ಇವೆರಡೂ ಬೇರೆ ಬೇರೆ ಪದ, ನಡುವೆ ಇನ್ನೇನೋ ಬಂದು ಕೂರಬಹುದು. ಕೊಲೇಟರ್ ಆ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ರಾಜ್‌ಮಾ ಪಕ್ಕ ಪಕ್ಕ ಬರುತ್ತವೆ.

ನೀವು ಕೇಳಲಿಲ್ಲ, ಆದರೆ ವಿಭಾಗ ಇದೆ ಎಂದಿರಿ. ವಿಭಾಗದ ಪ್ರಕಾರ, ಅದರೊಳಗೆ ಬೆಲೆಯ ಪ್ರಕಾರ ಬೇಕು ಎಂದು ಅಂಗಡಿಯವರು ನಾಳೆ ಕೇಳುತ್ತಾರೆ. ಹೀಗೆ ಮಾಡಿ:

ಹೋಲಿಸು(ಒಂದು.ವಿಭಾಗ, ಎರಡು.ವಿಭಾಗ) || ಒಂದು.ಬೆಲೆ - ಎರಡು.ಬೆಲೆ

ಇಲ್ಲಿ ಹೋಲಿಸು ಎಂಬುದು ಕೊಲೇಟರ್‌ನ ಕಂಪೇರ್. ವಿಭಾಗ ಬೇರೆ ಇದ್ದರೆ ಅದರ ಉತ್ತರವೇ ಉತ್ತರ. ಸಮ ಆಗಿ ಸೊನ್ನೆ ಬಂದರೆ ಮಾತ್ರ ಬಲಗಡೆಗೆ ಹೋಗುತ್ತದೆ. ಸಮ ಇದ್ದವು ಮೂಲ ಕ್ರಮವನ್ನೇ ಉಳಿಸಿಕೊಳ್ಳಬೇಕು ಎಂಬ ನಿಯಮ ಜಾವಾಸ್ಕ್ರಿಪ್ಟ್‌ಗೆ 2019ರಲ್ಲಿ ಬಂತು. ಹಾಗಾಗಿ ಮೊದಲು ಬೆಲೆಗೆ, ಆಮೇಲೆ ವಿಭಾಗಕ್ಕೆ ಎಂದು ಎರಡು ಸಲ ಸಾರ್ಟ್ ಮಾಡಿದರೂ ಇದೇ ಫಲ ಸಿಗುತ್ತದೆ. ನನಗೆ ಒಂದೇ ಸಾಲಿನದು ಇಷ್ಟ, ಓದಿದ ಕೂಡಲೇ ಉದ್ದೇಶ ಗೊತ್ತಾಗುತ್ತದೆ.

ಬಟನ್ ಒತ್ತಿದರೂ ಸ್ಕ್ರೀನ್ ಬದಲಾಗದೇ ಇರುವುದು ರಿಯಾಕ್ಟ್‌ಗೂ ಸಾರ್ಟ್‌ಗೂ ನಡುವಿನ ವಿಷಯ. ಸಾರ್ಟ್ ಹೊಸ ಪಟ್ಟಿ ಮಾಡುವುದಿಲ್ಲ. ಇರುವ ಪಟ್ಟಿಯನ್ನೇ ಅಲ್ಲಲ್ಲೇ ಕದಲಿಸಿ, ಅದನ್ನೇ ವಾಪಸ್ ಕೊಡುತ್ತದೆ. ನೀವು ಅದನ್ನು ಸ್ಟೇಟ್‌ಗೆ ಹಾಕಿದಾಗ ರಿಯಾಕ್ಟ್ ನೋಡುತ್ತದೆ: ಅದೇ ಅರೇ, ಏನೂ ಬದಲಾಗಿಲ್ಲ. ಸುಮ್ಮನಾಗುತ್ತದೆ. ಬೇರೆ ಯಾವುದೋ ಕಾರಣಕ್ಕೆ ಪೇಜ್ ಮತ್ತೆ ರೆಂಡರ್ ಆದಾಗ ಹೊಸ ಕ್ರಮ ಕಾಣಿಸುತ್ತದೆ. ನೀವು ಒಮ್ಮೊಮ್ಮೆ ಎಂದದ್ದು ಅದಕ್ಕೇ. ಮೊದಲು [...ಪಟ್ಟಿ] ಎಂದು ಪ್ರತಿ ಮಾಡಿ, ಅದನ್ನು ಸಾರ್ಟ್ ಮಾಡಿ. ಅಥವಾ ಟುಸಾರ್ಟೆಡ್ ಎಂಬ ಹೊಸ ಮೆಥಡ್ ಬಳಸಿ. ಅದು ಮೂಲವನ್ನು ಮುಟ್ಟದೇ ಹೊಸ ಪಟ್ಟಿ ಕೊಡುತ್ತದೆ. ಕ್ರೋಮ್ 110, ಫೈರ್‌ಫಾಕ್ಸ್ 115, ಸಫಾರಿ 16, ನೋಡ್ 20ರಿಂದ ಇದೆ. ಗಿರಾಕಿಗಳ ಬಳಿ ಹಳೆಯ ಫೋನ್ ಜಾಸ್ತಿ ಇದ್ದರೆ ಪ್ರತಿ ಮಾಡುವ ದಾರಿಯೇ ಒಳ್ಳೆಯದು.

ಅಲ್ಲೇ ಇನ್ನೊಂದನ್ನೂ ನೋಡಿಬಿಡಿ. ಸಾಲುಗಳನ್ನು ಗುರುತು ಹಿಡಿಯಲು ರಿಯಾಕ್ಟ್‌ಗೆ ಪ್ರತಿ ಸಾಲಿಗೂ ಕೊಡುವ ಕೀ ಐಟಂನ ಐಡಿ ಆಗಿರಲಿ, ಸಾಲಿನ ಕ್ರಮಸಂಖ್ಯೆ ಬೇಡ. ಕ್ರಮಸಂಖ್ಯೆ ಕೊಟ್ಟರೆ, ತೊಗರಿಬೇಳೆಗೆ 2 ಕೆಜಿ ಎಂದು ಬರೆದ ಬಾಕ್ಸ್ ಸಾರ್ಟ್ ಆದ ಮೇಲೆ ಬೆಲ್ಲದ ಸಾಲಿನಲ್ಲಿ ಉಳಿದುಬಿಡಬಹುದು. ಅಂಗಡಿಯ ಸೈಟ್‌ನಲ್ಲಿ ಇದು ಚಿಕ್ಕ ತಪ್ಪಲ್ಲ.

ಲೈಬ್ರರಿ ಬೇಡ ಎಂದದ್ದಕ್ಕೆ ಕಾರಣ ಈಗ ಗೊತ್ತಾಗಿರಬೇಕು. ಲೊಡ್ಯಾಶ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಸಾರ್ಟ್‌ಬೈ ಚೆನ್ನಾಗಿಯೇ ಇದೆ. ಬರೆಯುವುದು ಸುಲಭ, ಹೊಸ ಪಟ್ಟಿಯನ್ನೂ ಕೊಡುತ್ತದೆ. ಆದರೆ ಸ್ಟ್ರಿಂಗ್‌ಗಳನ್ನು ಅದೂ ಯೂನಿಕೋಡ್ ಸಂಖ್ಯೆಯ ಪ್ರಕಾರವೇ ಹೋಲಿಸುತ್ತದೆ. ನಿಮ್ಮ ಬಾಳೆಹಣ್ಣು ಅಲ್ಲೇ ಇರುತ್ತದೆ. "1,250" ಕೂಡ ಶುದ್ಧವಾಗುವುದಿಲ್ಲ.

ಬರೆದಾದ ಮೇಲೆ ಪರೀಕ್ಷೆ ಹೀಗೆ ಮಾಡಿ. ಹತ್ತಕ್ಕಿಂತ ಜಾಸ್ತಿ ಐಟಂ ಇರಲಿ. ಅವುಗಳಲ್ಲಿ ಒಂದಕ್ಕೆ ಬೆಲೆ ಇರಬಾರದು, ಎರಡಕ್ಕೆ ಒಂದೇ ಬೆಲೆ ಇರಬೇಕು, ಒಂದು ಸಾವಿರ ದಾಟಬೇಕು, ಹೆಸರಿನಲ್ಲಿ ಳ ಇರುವ ಒಂದೆರಡು ಬೇಕು. ಈ ಪಟ್ಟಿಯನ್ನು ಬೇರೆ ಬೇರೆ ರೀತಿ ಕಲಸಿ ಸಾರ್ಟ್ ಮಾಡಿ. ಒಂದೇ ಬೆಲೆಯವು ಒಂದರ ಜಾಗಕ್ಕೆ ಇನ್ನೊಂದು ಬರಬಹುದು. ಅದನ್ನು ಬಿಟ್ಟು ಫಲಿತಾಂಶ ಪ್ರತಿ ಸಲವೂ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ನ್ಯಾನ್ ಉಳಿದಿದೆ ಎಂದೇ ಹುಡುಕಲು ಶುರು ಮಾಡಿ.

ಇಷ್ಟೆಲ್ಲ ಹೇಳಿದ್ದು ಪೂರ್ತಿ ಪಟ್ಟಿ ಬ್ರೌಸರ್‌ಗೆ ಬರುತ್ತಿದ್ದರೆ ಮಾತ್ರ. ಮುಂದೆ ಐಟಂ ಹೆಚ್ಚಾಗಿ ಪುಟಕ್ಕೆ ಇಪ್ಪತ್ತರಂತೆ ತರಿಸಲು ಶುರು ಮಾಡಿದರೆ, ಆ ಇಪ್ಪತ್ತನ್ನು ಮಾತ್ರ ಸಾರ್ಟ್ ಮಾಡಿ ಕಡಿಮೆ ಬೆಲೆ ಮೊದಲು ಎಂದು ತೋರಿಸುವುದು ಗಿರಾಕಿಗೆ ಸುಳ್ಳು ಹೇಳಿದ ಹಾಗೆ. ಇನ್ನೂ ಕಡಿಮೆ ಬೆಲೆಯದು ಏಳನೇ ಪುಟದಲ್ಲಿ ಇರಬಹುದು. ಆಗ ಸಾರ್ಟ್ ಡೇಟಾಬೇಸ್‌ನಲ್ಲೇ ಆಗಬೇಕು, ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಆರ್ಡರ್ ಬೈ ಹಾಕಿ. ಕನ್ನಡದ ಕ್ರಮ ಅಲ್ಲೂ ಬೇಕಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 10ನೇ ಆವೃತ್ತಿಯಿಂದ ಐಸಿಯು ಕೊಲೇಷನ್‌ಗಳು, ಅಂದರೆ ಭಾಷೆಗೆ ತಕ್ಕ ಅಕ್ಷರ ಕ್ರಮದ ನಿಯಮಗಳು ಸಿಗುತ್ತವೆ, ಕನ್ನಡದ್ದೂ ಇದೆ.

ಡೇಟಾಬೇಸ್‌ಗೆ ಹೋದಾಗ ಎರಡು ವಿಷಯ ಮರೆಯಬೇಡಿ. ಬೆಲೆ ಸಮ ಇದ್ದವುಗಳ ನಡುವೆ ಯಾವ ಕ್ರಮ ಎಂದು ಎಸ್‌ಕ್ಯೂಎಲ್ ಮಾತು ಕೊಡುವುದಿಲ್ಲ. ಪ್ರತಿ ಪುಟಕ್ಕೂ ಕ್ವೆರಿ ಹೊಸದಾಗಿ ಓಡುವುದರಿಂದ, 45 ರೂಪಾಯಿಯ ಒಂದು ಐಟಂ ಎರಡು ಪುಟದಲ್ಲೂ ಕಾಣಿಸಿ, ಇನ್ನೊಂದು ಯಾವ ಪುಟದಲ್ಲೂ ಕಾಣಿಸದೇ ಹೋಗಬಹುದು. ಆರ್ಡರ್ ಬೈ ಕೊನೆಗೆ ಐಡಿಯನ್ನೂ ಸೇರಿಸಿದರೆ ಈ ಅಪಾಯ ಇಲ್ಲ. ಇನ್ನೊಂದು, ಯಾವ ಕಾಲಂ ಪ್ರಕಾರ ಎಂಬುದು ಯುಆರ್‌ಎಲ್‌ನಿಂದ ಬರುತ್ತದೆ ಅಲ್ವಾ? ಅದನ್ನು ನೇರವಾಗಿ ಕ್ವೆರಿಗೆ ಅಂಟಿಸಬೇಡಿ. ಮೌಲ್ಯಗಳಿಗೆ ಪ್ಯಾರಾಮೀಟರ್ ಬೈಂಡ್ ಮಾಡುವ ಹಾಗೆ ಕಾಲಂ ಹೆಸರಿಗೆ ಮಾಡಲು ಆಗುವುದಿಲ್ಲ. ಹಾಗಾಗಿ ಯಾರಾದರೂ ಅಲ್ಲಿ ತಮಗೆ ಬೇಕಾದ ಎಸ್‌ಕ್ಯೂಎಲ್ ತೂರಿಸಬಹುದು. ಹೆಸರು, ಬೆಲೆ, ವಿಭಾಗ, ದಿನಾಂಕ ಈ ನಾಲ್ಕನ್ನು ಮಾತ್ರ ಸರ್ವರ್ ಕೋಡ್‌ನಲ್ಲಿ ಪಟ್ಟಿ ಮಾಡಿಟ್ಟು, ಬೇರೆ ಏನೇ ಬಂದರೂ ಹೆಸರಿನ ಪ್ರಕಾರ ಜೋಡಿಸಿ ಕಳಿಸಿ.